ಕೆನಡಾ ಪಿಆರ್‌ಗೆ ಕಾಯುವಾಗ ಮದುವೆಯಾದರೆ, ಊರಿಗೆ ಹೋಗಬೇಕಾದರೆ, ಪರ್ಮಿಟ್ ಮುಗಿಯುತ್ತಾ ಬಂದರೆ

ನಾನು ಹಾಸನದವಳು. ಈಗ ಮಿಸ್ಸಿಸಾಗದಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೆ, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ನುರಿತ ಕೆಲಸಗಾರರ ವ್ಯವಸ್ಥೆಯಲ್ಲಿ ಅರ್ಜಿ ಹಾಕಿದ ಮೇಲೆ 11 ತಿಂಗಳು ಕಾದೆ. ಬಹುಪಾಲು ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸುವುದು ವಲಸೆ ಇಲಾಖೆಯ ಗುರಿ. ಆದರೆ ನಾನು ಕಾಯುತ್ತಿದ್ದಾಗಲೇ ನನ್ನ ಮದುವೆ ಆಯಿತು.

ಅಲ್ಲಿಂದಲೇ ಶುರು ಮಾಡುತ್ತೇನೆ. ಎಡವಿದರೆ ಜಾಸ್ತಿ ಪೆಟ್ಟಾಗುವುದು ಅಲ್ಲೇ. "ಪಿಆರ್ ಕೈಗೆ ಬರಲಿ, ಈಗ ಹೇಳಿದರೆ ತಡ ಆಗುತ್ತೆ ಅಲ್ವಾ?" ಅಂತ ಅಮ್ಮ ಕೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ನೀವು ಪಿಆರ್ ಆಗುವ ಮೊದಲು ಗಂಡ, ಹೆಂಡತಿ, ಮಕ್ಕಳ ವಿಷಯ ತಿಳಿಸಿರಬೇಕು. ಅವರು ಜೊತೆಗೆ ಬರದಿದ್ದರೂ ಅವರ ಮೆಡಿಕಲ್ ಮತ್ತು ಹಿನ್ನೆಲೆ ತಪಾಸಣೆ ಆಗಿರಬೇಕು. ಮುಚ್ಚಿಟ್ಟರೆ ಮುಂದೆ ಅವರನ್ನು ಕುಟುಂಬದ ದಾರಿಯಲ್ಲಿ ಕರೆಸಿಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ. ಕೆಲವು ತಿಂಗಳು ಉಳಿಸಲು ಹೋಗಿ ವರ್ಷಗಟ್ಟಲೆ ದೂರ ಇರಬೇಕಾಗಬಹುದು.

ನಾನು ಮದುವೆಯಾದ ವಾರವೇ ಇಲಾಖೆಯ ವೆಬ್‌ಫಾರ್ಮ್‌ನಲ್ಲಿ ತಿಳಿಸಿದೆ. ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರ ಕಳಿಸಿದೆ. ಛತ್ರದವರು ಕೊಡುವ ರಸೀದಿ, ಲಗ್ನಪತ್ರಿಕೆ ಇದ್ದರೆ ಸಾಲದು. ಪ್ರಮಾಣಪತ್ರ ಬರೆಸುವಾಗ ಹೆಸರು ನೋಡಿಕೊಳ್ಳಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ ಅಂತ ಅಲ್ಲೇ ಕೇಳಿ. ನನ್ನ ಗಂಡನ ಹೆಸರು ಮೊದಲು ಇನಿಷಿಯಲ್‌ನಲ್ಲೇ ಬಂದಿತ್ತು. ತಿದ್ದಿಸಲು ಇನ್ನೆರಡು ಸಲ ಓಡಾಡಿದೆವು. ಆಮೇಲೆ ಅವರು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪೊಲೀಸ್ ಕ್ಲಿಯರೆನ್ಸ್ ಮಾಡಿಸಿದರು. ಮೆಡಿಕಲ್ ಮಾತ್ರ ಇಲಾಖೆ ಒಪ್ಪಿದ ಪ್ಯಾನೆಲ್ ಡಾಕ್ಟರ ಹತ್ತಿರವೇ ಆಗಬೇಕು. ಮನೆ ಡಾಕ್ಟರ ಚೀಟಿ ನಡೆಯುವುದಿಲ್ಲ.

ಮದುವೆಗೆ ಊರಿಗೆ ಹೊರಡುವ ಮೊದಲು ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ತಾರೀಖು ನೋಡಿದೆ. ನೀವೂ ನೋಡಿ. ವರ್ಕ್ ಪರ್ಮಿಟ್ ಇದೆ ಎಂದ ಮಾತ್ರಕ್ಕೆ ವಾಪಸ್ ಬರಲು ಬಿಡುವುದಿಲ್ಲ. ಪರ್ಮಿಟ್ ಕೆಲಸ ಮಾಡಲು, ವೀಸಾ ಒಳಗೆ ಬರಲು. ವೀಸಾ ಮುಗಿದಿದ್ದರೆ ಹೊಸದು ಸಿಗುವ ತನಕ ಊರಲ್ಲೇ ಉಳಿಯಬೇಕಾಗುತ್ತದೆ, ಕೆಲಸದ ಗತಿ ಏನು?

ಇನ್ನು ಪರ್ಮಿಟ್. ನನ್ನದು ಕಾಯುವಾಗಲೇ ಮುಗಿಯುವುದರಲ್ಲಿತ್ತು. ಅರ್ಜಿ ಸೇರಿದೆ ಎಂಬ ಎಒಆರ್ ಪತ್ರ ಬಂದಿದ್ದರಿಂದ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್‌ಗೆ (ಪಿಆರ್‌ಗೆ ಕಾಯುವವರು ಕೆಲಸ ಬಿಡದೆ ಇರಲು ಕೊಡುವ ಪರ್ಮಿಟ್) ಅರ್ಜಿ ಹಾಕಿದೆ. ಹಳೆಯದು ಮುಗಿಯುವ ಮೊದಲೇ ಹಾಕಿದರೆ, ಕೆನಡಾದಲ್ಲೇ ಇರುವ ತನಕ, ತೀರ್ಮಾನ ಬರುವವರೆಗೂ ಹಳೆಯ ಷರತ್ತಿನಲ್ಲೇ ಕೆಲಸ ಮುಂದುವರಿಸಬಹುದು. ಒಂದು ದಿನ ತಡವಾದರೂ ಈ ಅನುಕೂಲ ಹೋಯಿತು. ಸಂಬಳದ ವಿಭಾಗದವರು ನನ್ನನ್ನು ಮೂರು ಸಲ ಕರೆದು ಕೇಳಿದರು. ಅರ್ಜಿಯ ರಸೀದಿ ತೋರಿಸಿದ ಮೇಲೆ ಸುಮ್ಮನಾದರು. ಪ್ರಿಂಟ್ ತೆಗೆದು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಅವಧಿ ದಾಟಿ ಪರ್ಮಿಟ್ ಕೊಡುವುದಿಲ್ಲ. ಅದಕ್ಕೇ ಪಾಸ್‌ಪೋರ್ಟ್ ಹಳೆಯದಾಗಿದ್ದರೆ ಮೊದಲು ಅದನ್ನು ಹೊಸದು ಮಾಡಿಸಿ, ಹೊಸ ನಂಬರನ್ನು ಇಲಾಖೆಗೂ ತಿಳಿಸಿ.

ಮೆಡಿಕಲ್ 12 ತಿಂಗಳು ನಡೆಯುತ್ತದೆ. ಮುಗಿದರೆ ಮತ್ತೆ ಮಾಡಿಸಿ ಅಂತ ಪತ್ರ ಬರಬಹುದು, ಗಾಬರಿ ಬೇಡ.

ಎಂಟನೇ ತಿಂಗಳಲ್ಲಿ ನನಗೆ ತಡೆಯಲಾಗಲಿಲ್ಲ, ಜಿಸಿಎಂಎಸ್ ನೋಟ್ಸ್ ತರಿಸಿದೆ. ಅಧಿಕಾರಿಗಳು ನಮ್ಮ ಫೈಲಿನಲ್ಲಿ ಬರೆದುಕೊಂಡ ಟಿಪ್ಪಣಿ ಅದು. ಕೆನಡಾದಲ್ಲಿ ಇರುವವರು ತಾವೇ 5 ಡಾಲರ್ ಕಟ್ಟಿ ಕೇಳಬಹುದು, ಏಜೆಂಟರಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಅದರಿಂದ ಅರ್ಜಿ ಬೇಗ ಓಡುವುದಿಲ್ಲ. ಆದರೆ ನನ್ನ ಗಂಡನ ಕಾಗದ ತಲುಪಿವೆ ಎಂದು ಗೊತ್ತಾಯಿತು, ಆ ರಾತ್ರಿ ನಿದ್ದೆ ಬಂತು.

ಕೊನೆಗೆ ಒಂದು ಮೇಲ್ ಬಂತು, ಕೆನಡಾದಲ್ಲಿ ಇದ್ದೀರಾ ಎಂದು ಕೇಳಿತ್ತು. ಆ ಹೊತ್ತಿಗೆ ನೀವು ನಿಜವಾಗಿ ಇಲ್ಲೇ ಇರಬೇಕು. ಸ್ಪ್ಯಾಮ್ ಫೋಲ್ಡರನ್ನೂ ದಿನಾ ನೋಡಿ. ಫೋಟೊ, ವಿಳಾಸ ಪೋರ್ಟಲ್‌ನಲ್ಲಿ ಕೊಟ್ಟ ಮೇಲೆ ನಾನು ಪಿಆರ್ ಆದೆ ಎಂಬ ಪತ್ರ ಬಂತು. ಗಂಡನ ಪಾಸ್‌ಪೋರ್ಟನ್ನು ಬೇರೆಯಾಗಿ ಕೇಳಿದರು. ಮುಖ್ಯ ಅರ್ಜಿದಾರರು ಪಿಆರ್ ಆಗುವ ಮೊದಲು ಮನೆಯವರು ಬಂದಿಳಿಯುವಂತಿಲ್ಲ. ಹಾಗಾಗಿ ನನ್ನ ಪತ್ರ ಕೈಗೆ ಬಂದ ಮೇಲೆಯೇ ಅವರ ಟಿಕೆಟ್ ತೆಗೆದೆವು.