ಬ್ಲ್ಯಾಂಕ್ ಹಳದಿಯಾದ ದಿನ

ಆ ಟ್ಯೂಬ್‌ನಲ್ಲಿ ಕೆರೆಯ ನೀರು ಒಂದು ಹನಿಯೂ ಇರಲಿಲ್ಲ. ಆದರೂ ಗುಲಾಬಿ ಬಣ್ಣ ಹೋಗಿ ಹಳದಿಗೆ ತಿರುಗಿತು. ಇಡೀ ದಿನದ ಕೆಲಸ ನೀರಲ್ಲಿ ಹೋಮ!

ನಾನು ಹುಡುಕುವುದು ಜೀಬ್ರಾ ಮಸೆಲ್ ಅನ್ನುವ ಪಟ್ಟೆ ಕಪ್ಪೆಚಿಪ್ಪನ್ನು. ಹೊಸ ಕೆರೆಗೆ ನುಗ್ಗಿದರೆ ಪೈಪು, ದೋಣಿಯ ತಳ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಬೆಳೆಯುತ್ತದೆ. ಒಮ್ಮೆ ಬೇರೂರಿದ ಮೇಲೆ ಕೀಳುವುದು ಬಹಳ ಕಷ್ಟ. ಮೊದಲೆಲ್ಲ ಸಣ್ಣ ಕಣ್ಣಿನ ಬಲೆ ಎಳೆದು, ಸಿಕ್ಕ ಮರಿಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಿದ್ದೆ. ಹೊಸ ಮರಿ 0.1 ಮಿಲಿಮೀಟರ್ ಕೂಡ ಇರುವುದಿಲ್ಲ. ಆಸ್ಟ್ರಕಾಡ್ ಅನ್ನುವ, ಸಿಗಡಿಯ ದೂರದ ನೆಂಟನಾದ ಚಿಪ್ಪಿನ ಪುಟ್ಟ ಜೀವಿಯನ್ನು ನೋಡಿ ಅದೇ ಇದು ಅಂದುಕೊಂಡದ್ದೂ ಉಂಟು.

ಈಗ ಹುಡುಕುವುದು ಅದು ನೀರಿಗೆ ಉದುರಿಸಿದ ಡಿಎನ್‌ಎಯನ್ನು. ಒಂದು ಲೀಟರ್ ನೀರು ಸೋಸಿ, ಫಿಲ್ಟರ್‌ನಿಂದ ಡಿಎನ್‌ಎ ಬಿಡಿಸಿ, ಲ್ಯಾಂಪ್ (LAMP) ಅನ್ನುವ, ಹುಡುಕುವ ಡಿಎನ್‌ಎ ಇದ್ದರೆ ಅದರ ನಕಲು ಹೆಚ್ಚಿಸುವ ಪರೀಕ್ಷೆಯ ಟ್ಯೂಬ್‌ಗೆ ಹಾಕಿ 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತೇನೆ. ಡಿಎನ್‌ಎ ನಕಲು ಮಾಡುವ ಇನ್ನೊಂದು ವಿಧಾನವಾದ ಪಿಸಿಆರ್ ಥರ ಬಿಸಿ, ತಂಪು, ಮತ್ತೆ ಬಿಸಿ ಬೇಕಿಲ್ಲ. ದಡದಲ್ಲೇ ಉತ್ತರ. ಹಳದಿ ಅಂದರೆ ಇದೆ, ಗುಲಾಬಿ ಅಂದರೆ ಸಿಗಲಿಲ್ಲ.

ಕೇಳೋಕೆ ಸಲೀಸು, ಅಲ್ವಾ? ಪ್ರತಿ ಸಲವೂ ಬ್ಲ್ಯಾಂಕ್ ಅಂತ ಶುದ್ಧ ನೀರನ್ನೂ ಅದೇ ಪಂಪ್‌ನಲ್ಲಿ ಸೋಸುತ್ತೇನೆ. ಆ ದಿನ ಹಳದಿಯಾದದ್ದು ಅದೇ. ಮೊದಲು ಪಂಪ್ ಮೇಲೆ ಅನುಮಾನ ಬಂತು. ಆದರೆ ಸೋಸದೇ, ಬರೀ ರಾಸಾಯನಿಕ ಹಾಕಿಟ್ಟ ಇನ್ನೊಂದು ಟ್ಯೂಬ್ ಕೂಡ ಹಳದಿ! ತಪ್ಪು ಕೆರೆಯಲ್ಲೂ ಇಲ್ಲ, ಪಂಪ್‌ನಲ್ಲೂ ಇಲ್ಲ, ನನ್ನ ಮೇಜಿನ ಮೇಲೇ ಇದೆ. ಹಿಂದಿನ ವಾರ ಯಾರಿಗೋ ತೋರಿಸಲು, ಹಳದಿಯಾದ ಒಂದು ಟ್ಯೂಬ್‌ನ ಮುಚ್ಚಳ ಸುಮ್ನೆ ತೆಗೆದಿದ್ದೆ. ಅದರಲ್ಲಿ ಕೋಟಿಗಟ್ಟಲೆ ಡಿಎನ್‌ಎ ನಕಲುಗಳಿರುತ್ತವೆ. ಗಾಳಿಗೆ ಹಾರಿದ್ದು ಪಿಪೆಟ್, ಕೈಗವಸು ಎಲ್ಲಕ್ಕೂ ಹತ್ತಿತು.

ರಾಸಾಯನಿಕ ಎಲ್ಲ ಎಸೆದೆ. ಮೇಜನ್ನು 10% ಬ್ಲೀಚ್‌ನಿಂದ ಒರೆಸಿದೆ. ಮುಗಿದ ಟ್ಯೂಬ್‌ಗಳನ್ನು ಈಗ ಮುಚ್ಚಿದ ಹಾಗೇ ಬಿಸಾಡುತ್ತೇನೆ, ಯಾರು ಎಷ್ಟೇ ಕೇಳಲಿ.

ಮತ್ತೆ ಹೋಗಿ ನೀರು ತಂದೆ. ಈ ಸಲ ಎರಡು ಬ್ಲ್ಯಾಂಕ್‌ಗಳೂ ಗುಲಾಬಿ. ದೋಣಿ ಇಳಿಸುವ ಜಾಗದ ಮೂರು ಮಾದರಿಗಳಲ್ಲಿ ಒಂದು ಮಾತ್ರ ಹಳದಿ. ಹೊರಗಿನಿಂದ ಬಂದ ದೋಣಿಗೆ ಅಂಟಿದ್ದ ಸತ್ತ ಚಿಪ್ಪೂ ಇಷ್ಟು ಮಾಡಬಲ್ಲದು. ಹಾಗಾಗಿ ಉಳಿದ ಡಿಎನ್‌ಎಯನ್ನು ಲ್ಯಾಬ್‌ಗೆ ಕಳಿಸಿ, ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಮೂರೂ ಗುಲಾಬಿ. ಆದರೂ ಆ ಜಾಗವನ್ನು ಪಟ್ಟಿಯಿಂದ ತೆಗೆದಿಲ್ಲ.