ಹ್ಯಾಲೋವೀನ್ ತಿಂಡಿ, ಮಕ್ಕಳ ಕೈಯಲ್ಲೇ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಹ್ಯಾಲೋವೀನ್ ಅಂದರೆ ಇಲ್ಲಿನವರ ದೆವ್ವ ಭೂತಗಳ ವೇಷದ ಹಬ್ಬ. ಆ ಸಂಜೆ ಸಿಹಿ ಕೇಳುತ್ತ ನಿಮ್ಮ ಬಾಗಿಲು ತಟ್ಟುವ ಮಕ್ಕಳಿಗೆ ಮನೆಯಲ್ಲಿ ಮಾಡಿದ ತಿಂಡಿ ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ಬೆಳೆದವರು ನಾವು. ಡಬ್ಬಿ ತುಂಬ ಕೋಡುಬಳೆ ಮಾಡಿಟ್ಟು ಹಂಚೋಣ ಅನ್ನಿಸುವುದು ಸಹಜ. ಆದರೆ ಇಲ್ಲಿ ಗುರುತಿಲ್ಲದ ಮನೆಯ, ಪ್ಯಾಕ್ ಮಾಡದ ತಿಂಡಿಯನ್ನು ಅಪ್ಪ ಅಮ್ಮ ಮಕ್ಕಳಿಗೆ ತಿನ್ನಲು ಬಿಡುವುದಿಲ್ಲ. ನೀವು ಕಷ್ಟಪಟ್ಟು ಕರಿದದ್ದು ಕಸದ ಬುಟ್ಟಿಗೆ ಹೋಗುತ್ತದೆ. ಬಾಗಿಲಿಗೆ ಬಂದವರಿಗೆ ಅಂಗಡಿಯಲ್ಲಿ ಸಿಗುವ ಸಣ್ಣ ಸೀಲ್ಡ್ ಪ್ಯಾಕೆಟ್ ಚಾಕೊಲೇಟ್ ಸಾಕು. ಮನೆಯ ತಿಂಡಿ ಮನೆಯವರಿಗೆ, ಮತ್ತು ನೀವೇ ಕರೆದ ಗೆಳೆಯರಿಗೆ.

ಹಾಗಿದ್ದರೆ ಮಾಡುವುದಾದರೂ ಯಾಕೆ? ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಎರಡು ಗಂಟೆ ಬೀದಿ ಸುತ್ತುತ್ತಾರೆ. ಕೈಯಲ್ಲಿ ಚೀಲದ ತುಂಬ ಸಿಹಿ. ಹೊರಡುವ ಮುಂಚೆ ಹೊಟ್ಟೆಗೆ ಏನಾದರೂ ಗಟ್ಟಿಯಾದ್ದು, ಖಾರದ್ದು ಬಿದ್ದಿರಬೇಕು. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶಾಲೆಗೆ ಸೇರಿದ ಮಗುವಿಗೆ ಅಕ್ಟೋಬರ್ ಹೊತ್ತಿಗೂ ಸರಿಯಾಗಿ ಗೆಳೆಯರಾಗಿರುವುದಿಲ್ಲ. ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಹ್ಯಾಲೋವೀನ್ ಮಾತೇ. ಆಗ ಇಬ್ಬರು ಸಹಪಾಠಿಗಳನ್ನು ಮನೆಗೆ ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಇಂಗ್ಲಿಷ್ ಇನ್ನೂ ತಡವರಿಸುತ್ತಿದ್ದರೂ ಕೈಗೆ ಕೆಲಸ ಸಿಕ್ಕರೆ ಮಕ್ಕಳು ಬೆರೆತುಬಿಡುತ್ತಾರೆ. ಅದಕ್ಕೇ ನಾನು ಇಲ್ಲಿ ಹೇಳುವುದೆಲ್ಲ ಮಕ್ಕಳೇ ಮಾಡಬಹುದಾದ ತಿಂಡಿಗಳು. ದೆವ್ವದ ಕಣ್ಣು ಸೊಟ್ಟಗಾದರೆ ಇರಲಿ ಬಿಡಿ, ದಯವಿಟ್ಟು ನೀವು ತಿದ್ದಬೇಡಿ.

ತೀರಾ ಸುಲಭದ್ದು ಕಿತ್ತಳೆ ಕುಂಬಳಕಾಯಿ. ಈ ಕಾಲದಲ್ಲಿ ಸಣ್ಣ ಮ್ಯಾಂಡರಿನ್ ಕಿತ್ತಳೆ ಜಾಲರಿ ಚೀಲದಲ್ಲಿ ಎಲ್ಲ ಕಡೆ ಸಿಗುತ್ತದೆ. ಸಿಪ್ಪೆ ಮೂರು ವರ್ಷದ ಮಗುವಿನ ಕೈಗೂ ಬರುತ್ತದೆ. ಬಿಡಿಸಿದ ಹಣ್ಣಿನ ನೆತ್ತಿಗೆ ಸೆಲರಿ ಕಡ್ಡಿಯ ಚಿಕ್ಕ ತುಂಡು ಚುಚ್ಚಿದರೆ ತೊಟ್ಟಿರುವ ಕುಂಬಳಕಾಯಿ ತಯಾರು. ಬಾಳೆಹಣ್ಣನ್ನು ಅಡ್ಡಕ್ಕೆ ಎರಡು ತುಂಡು ಮಾಡಿ ನಿಲ್ಲಿಸಿ, ಎರಡು ಚಾಕೊಲೇಟ್ ಚಿಪ್ ಒತ್ತಿದರೆ ಬಿಳಿ ದೆವ್ವ. ಇದನ್ನು ಬಡಿಸುವ ಹೊತ್ತಿಗೇ ಮಾಡಿ, ಇಲ್ಲದಿದ್ದರೆ ಕಪ್ಪಾಗುತ್ತದೆ.

ಇಡ್ಲಿ ದೆವ್ವಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ, ಮಕ್ಕಳಿಗೂ ಇದೇ ಹೆಚ್ಚು ಇಷ್ಟವಾಗುತ್ತದೆ. ಅಕ್ಟೋಬರ್ ಕೊನೆಗೆ ನ್ಯೂಜೆರ್ಸಿಯಂಥ ಕಡೆ ಹಿಟ್ಟು ಹುಳಿ ಬರುವುದೇ ತಾಪತ್ರಯ. ರುಬ್ಬಿದ ಹಿಟ್ಟಿನ ಪಾತ್ರೆಯನ್ನು ರಾತ್ರಿಯಿಡೀ ಓವನ್ ಒಳಗಿಡಿ. ಓವನ್ ಹಚ್ಚಬೇಡಿ, ಒಳಗಿನ ಲೈಟ್ ಮಾತ್ರ ಉರಿಯಲಿ, ಆ ಬಿಸಿಯೇ ಸಾಕು. ಇಂಡಿಯನ್ ಅಂಗಡಿಯಲ್ಲಿ ರೆಡಿ ಹಿಟ್ಟೂ ಸಿಗುತ್ತದೆ, ತಂದರೆ ತಪ್ಪೇನಿಲ್ಲ. ಗುಂಡಿ ತಟ್ಟೆಯಲ್ಲಿ ಹಾಕಬೇಡಿ. ಅಂಚಿರುವ ಚಪ್ಪಟೆ ತಟ್ಟೆಗೆ ಎಣ್ಣೆ ಸವರಿ, ಅರ್ಧ ಇಂಚು ದಪ್ಪಕ್ಕೆ ಹಿಟ್ಟು ಹೊಯ್ದು, ನಮ್ಮ ತಟ್ಟೆ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿ. ಪೂರ್ತಿ ಆರಲಿ. ಬಿಸಿಯಿರುವಾಗ ಕತ್ತರಿಸಿದರೆ ಅಂಚು ಪುಡಿಪುಡಿಯಾಗುತ್ತದೆ.

ಆಮೇಲೆ ಮಕ್ಕಳ ಕೆಲಸ. ದೆವ್ವದ ಆಕಾರದ ಕುಕಿ ಕಟರ್ ಈ ತಿಂಗಳಲ್ಲಿ ಡಾಲರ್ ಅಂಗಡಿಗಳಲ್ಲೂ ಸಿಗುತ್ತದೆ. ಕಟರ್ ಅನ್ನು ಒಮ್ಮೆ ನೀರಿನಲ್ಲಿ ಅದ್ದಿ ಇಡ್ಲಿಯ ಮೇಲೆ ಒತ್ತಬೇಕು, ಅಲುಗಾಡಿಸದೆ ನೇರಕ್ಕೆ ಎತ್ತಬೇಕು. ಕಣ್ಣಿಗೆ ಕಾಳುಮೆಣಸು ಚೆನ್ನಾಗಿ ಕಾಣುತ್ತದೆ, ಆದರೆ ಮಗು ಕಚ್ಚಿದರೆ ಅಳುತ್ತದೆ. ಡಬ್ಬಿಯಲ್ಲಿ ಬರುವ ಬೀಜವಿಲ್ಲದ ಕಪ್ಪು ಆಲಿವ್ ತನ್ನಿ. ಅದನ್ನು ಸೀಳಿ ಮಣೆಯ ಮೇಲೆ ಚಪ್ಪಟೆಯಾಗಿ ಹಾಸಿ, ಜ್ಯೂಸ್ ಕುಡಿಯುವ ಸ್ಟ್ರಾ ಒತ್ತಿದರೆ ಕರಾರುವಾಕ್ಕಾದ ಪುಟ್ಟ ಬಿಲ್ಲೆ ಸ್ಟ್ರಾ ಒಳಗೆ ಕೂರುತ್ತದೆ. ಸ್ಟ್ರಾದ ಇನ್ನೊಂದು ತುದಿ ಹಿಸುಕಿದರೆ ಟಪ್ ಅಂತ ಹೊರಗೆ ಬೀಳುತ್ತದೆ. ಐದು ವರ್ಷದವರು ಇದೊಂದೇ ಕೆಲಸವನ್ನು ಅರ್ಧ ಗಂಟೆ ಮಾಡುತ್ತಾರೆ. ಬೇಕಾದ್ದಕ್ಕಿಂತ ಮೂರು ಪಟ್ಟು ಕಣ್ಣು ತಯಾರಾಗುತ್ತವೆ, ಆಗಲಿ. ಪಕ್ಕದಲ್ಲಿ ಕೆಂಪಗಿರುವ ಟೊಮೆಟೊ ಚಟ್ನಿ ಇಡಿ, ಅದನ್ನು ರಕ್ತ ಅಂದುಕೊಂಡು ಅದ್ದಿ ತಿನ್ನುತ್ತಾರೆ. ಬೇರೆ ಮಕ್ಕಳು ಬರುವುದಾದರೆ ಖಾರ ಕಡಿಮೆ ಹಾಕಿ, ಸ್ವಲ್ಪ ಬೆಲ್ಲ ಸೇರಿಸಿ. ಕತ್ತರಿಸಿ ಉಳಿದ ಇಡ್ಲಿ ಚೂರುಗಳಿಗೆ ಒಗ್ಗರಣೆ ಕೊಟ್ಟರೆ ದೊಡ್ಡವರಿಗೆ ಇಡ್ಲಿ ಉಪ್ಪಿಟ್ಟು ಆಯಿತು.

ಇಡ್ಲಿ ತಣ್ಣಗಾಗುವವರೆಗೆ ಮಕ್ಕಳಿಗೆ ನಮ್ಮೂರಿನ ‘ನಾಳೆ ಬಾ’ ಕಥೆ ಹೇಳಿ. ರಾತ್ರಿ ಬಾಗಿಲು ತಟ್ಟುವ ದೆವ್ವ ಬರಹ ಓದಿ ವಾಪಸು ಹೋಗಲಿ ಅಂತ ಊರೂರಲ್ಲಿ ಬಾಗಿಲ ಮೇಲೆ ಬರೆದಿಡುತ್ತಿದ್ದರಲ್ಲ, ಅದೇ. ಅಮೆರಿಕದ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನಿಮ್ಮ ಮಗು ಕನ್ನಡದಲ್ಲಿ ಆ ಎರಡು ಪದ ಬರೆದು ತೋರಿಸಲಿ. ತರಗತಿಯಲ್ಲಿ ಸುಮ್ಮನೆ ಕೂರುವ ಮಗುವಿಗೆ ಅವತ್ತು ಎಲ್ಲರಿಗೂ ಹೇಳಿಕೊಡುವ ಅವಕಾಶ ಸಿಗುತ್ತದೆ.

ಇಲ್ಲಿನವರು ಸಾಸೇಜ್‌ಗೆ ಹಿಟ್ಟಿನ ಪಟ್ಟಿ ಸುತ್ತಿ ಈಜಿಪ್ಟಿನ ಮಮ್ಮಿ ಮಾಡುತ್ತಾರೆ. ನಾವು ಪನೀರ್‌ನಲ್ಲಿ ಮಾಡಬಹುದು. ಫ್ರೀಜರ್ ವಿಭಾಗದಲ್ಲಿ ಪಫ್ ಪೇಸ್ಟ್ರಿ ಹಾಳೆ ಸಿಗುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿಡಿ, ಮರೆತಿದ್ದರೆ ಹೊರಗೆ ಸುಮಾರು 40 ನಿಮಿಷ ಸಾಕು. ಪನೀರ್ ಅನ್ನು ಬೆರಳುದ್ದ, ಬೆರಳು ದಪ್ಪಕ್ಕೆ ಕತ್ತರಿಸಿ, ಕಿಚನ್ ಟವೆಲ್‌ನಿಂದ ನೀರು ಒತ್ತಿ ತೆಗೆಯಿರಿ. ಇದನ್ನು ಬಿಟ್ಟರೆ ತಳ ಹಸಿಯಾಗಿಯೇ ಉಳಿಯುತ್ತದೆ. ಉಪ್ಪು, ಅರಿಶಿನ, ಸ್ವಲ್ಪ ಅಚ್ಚಖಾರದ ಪುಡಿ, ಗರಂ ಮಸಾಲೆ ಸವರಿ. ಪೇಸ್ಟ್ರಿಯನ್ನು ಪಿಜ್ಜಾ ಕಟರ್‌ನಿಂದ ಕಾಲಿಂಚು ಅಗಲದ ಪಟ್ಟಿ ಮಾಡಿ, ಏಳೆಂಟು ವರ್ಷದವರು ನಿಮ್ಮ ಕಣ್ಣೆದುರು ಮಾಡಬಹುದು. ಪಟ್ಟಿಯನ್ನು ಪನೀರ್ ಸುತ್ತ ಅಡ್ಡಾದಿಡ್ಡಿ ಸುತ್ತಬೇಕು, ಮೇಲ್ಗಡೆ ಕಣ್ಣಿಗೆ ಜಾಗ ಬಿಡಬೇಕು. ಮೇಲೆ ಮೊಟ್ಟೆಯ ಬದಲು ಹಾಲು ಸವರಿ, 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 15ರಿಂದ 20 ನಿಮಿಷ ಹೊಂಬಣ್ಣ ಬರುವವರೆಗೆ ಬೇಯಿಸಿ. ಓವನ್ ಹತ್ತಿರದ ಕೆಲಸ ಮಾತ್ರ ನಿಮ್ಮದು. ಹೊರಗೆ ತೆಗೆದ ಮೇಲೆ ಮಿಕ್ಕ ಆಲಿವ್ ಬಿಲ್ಲೆಗಳನ್ನು ಚುಕ್ಕಿ ಕ್ರೀಮ್ ಚೀಸ್ ಹಚ್ಚಿ ಅಂಟಿಸಿ.

ಊಟವೇ ಆಗಬೇಕು ಅನ್ನುವವರು ಕಿತ್ತಳೆ ಬಣ್ಣದ ದಪ್ಪಮೆಣಸಿನಕಾಯಿಯ ತೊಟ್ಟು ಕತ್ತರಿಸಿ, ಬೀಜ ತೆಗೆದು, ಕಣ್ಣು ಮೂಗು ಕೊರೆದು ಕೊಡಿ. ಮಕ್ಕಳು ಒಳಗೆ ಚಿತ್ರಾನ್ನ ತುಂಬುತ್ತಾರೆ. ಕಣ್ಣಿನ ತೂತಿನಲ್ಲಿ ಹಳದಿ ಅನ್ನ ಕಂಡರೆ, ಇಲ್ಲಿನವರು ಮುಖ ಕೊರೆದ ಕುಂಬಳಕಾಯಿಯೊಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ.

ಕುಂಬಳಕಾಯಿ ಕೊರೆಯುವ ಮನೆಯಾದರೆ ಬೀಜ ಎಸೆಯಬೇಡಿ. ತಿರುಳಿನಿಂದ ಬೀಜ ಬಿಡಿಸುವ ಅಂಟಂಟು ಕೆಲಸ ಮಕ್ಕಳಿಗೆ ಪ್ರಾಣ. ತೊಳೆದು, ಬಟ್ಟೆಯ ಮೇಲೆ ಚೆನ್ನಾಗಿ ಒಣಗಿಸಿ, ಎಣ್ಣೆ, ಉಪ್ಪು, ಖಾರದ ಪುಡಿ, ಚಿಟಿಕೆ ಇಂಗು ಬೆರೆಸಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20ರಿಂದ 25 ನಿಮಿಷ ಹುರಿಯಿರಿ, ನಡುವೆ ಒಮ್ಮೆ ಕೈಯಾಡಿಸಿ. ಆದರೆ ಕೊರೆಯಲು ಮಾರುವ ದೊಡ್ಡ ಕಾಯಿಯಲ್ಲಿ ಪಲ್ಯ ಮಾಡಬೇಡಿ, ಬರೀ ನೀರು, ನಾರು, ರುಚಿಯಿಲ್ಲ. ಅಡುಗೆಗೆ ಪೈ ಪಂಪ್ಕಿನ್ ಅನ್ನುವ ಚಿಕ್ಕ ಕಾಯಿ ತನ್ನಿ, ಅದು ನಮ್ಮ ಸಿಹಿಗುಂಬಳಕ್ಕೆ ಹತ್ತಿರ.

ಈಗ ಸಸ್ಯಾಹಾರಿಗಳು ಗಮನಿಸಬೇಕಾದ ಮಾತು. ಇಲ್ಲಿನ ಹ್ಯಾಲೋವೀನ್ ಸಿಹಿಗಳಲ್ಲಿ ಜೆಲಾಟಿನ್ ಜಾಸ್ತಿ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವುದು. ಮಾಮೂಲಿ ಮಾರ್ಷ್‌ಮೆಲೊ, ಹೆಚ್ಚಿನ ಗಮಿ ಮಿಠಾಯಿ, ಜೆಲ್ಲೊ, ಮೂರು ಬಣ್ಣದ ಕ್ಯಾಂಡಿ ಕಾರ್ನ್, ಎಲ್ಲದರಲ್ಲೂ ಇರುತ್ತದೆ. ಮಾರ್ಷ್‌ಮೆಲೊ ಕರಗಿಸಿ ಮಾಡುವ ರೈಸ್ ಕ್ರಿಸ್ಪೀಸ್ ಬಿಲ್ಲೆಗಳಲ್ಲೂ ಅಷ್ಟೇ. ಡ್ಯಾಂಡೀಸ್‌ನಂಥ ವೀಗನ್ ಮಾರ್ಷ್‌ಮೆಲೊ ಸಿಗುತ್ತದೆ, ಅದನ್ನು ಬಳಸಬಹುದು. ನಿಮಗೆ ಇದು ಮುಖ್ಯ ಅನ್ನಿಸಿದರೆ ಮಗುವಿಗೆ ಮೊದಲೇ ಹೇಳಿ, ಮನೆಗೆ ಬಂದ ಮೇಲೆ ಚೀಲ ಸುರಿದು ಲೇಬಲ್ ಓದಿ ಬೇರೆ ಮಾಡುವ ಕೆಲಸಕ್ಕೆ ಅವರನ್ನೇ ಕೂರಿಸಿ. ಕೈಯಿಂದ ಕಿತ್ತುಕೊಂಡರೆ ಅಳು, ತಾವೇ ಓದಿ ತೆಗೆದಿಟ್ಟರೆ ಹೆಮ್ಮೆ.

ಅಲರ್ಜಿಯನ್ನು ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನಾವೂ ತೆಗೆದುಕೊಳ್ಳಬಾರದು. ಮಕ್ಕಳನ್ನು ಕರೆಯುವಾಗಲೇ ಅವರ ಅಮ್ಮನಿಗೋ ಅಪ್ಪನಿಗೋ ಮೆಸೇಜ್ ಮಾಡಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ, ಸಂತೋಷಪಡುತ್ತಾರೆ. ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ, ಸಿಹಿಗೆ ಗೋಡಂಬಿ ಹಾಕುವುದು ನಮಗೆ ಕೈ ರೂಢಿ. ಅವತ್ತು ಬಿಟ್ಟುಬಿಡಿ. ಎಳ್ಳೂ ಅಷ್ಟೇ. 2023ರಿಂದ ಅಮೆರಿಕದಲ್ಲಿ ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳಲ್ಲಿ ಎಳ್ಳೂ ಸೇರಿದೆ. ಚಕ್ಕುಲಿ ಇಡುವವರು ಇದನ್ನು ನೆನಪಿಡಿ. ಕೆಲವು ಮನೆಗಳ ಮುಂದೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಕಾಣುತ್ತದೆ. ಅಲ್ಲಿ ತಿನ್ನುವುದರ ಜೊತೆಗೆ ಸ್ಟಿಕರ್, ಪೆನ್ಸಿಲ್‌ನಂಥ ಪುಟ್ಟ ಸಾಮಾನೂ ಸಿಗುತ್ತದೆ ಅಂತ ಅರ್ಥ. ನೀವೂ ಒಂದು ಇಟ್ಟರೆ ಅಲರ್ಜಿ ಇರುವ ಮಗುವಿಗೆ ತುಂಬ ಖುಷಿ. ಶಾಲೆಗೆ ಏನಾದರೂ ಕಳಿಸುವ ಮೊದಲು ಟೀಚರ್ ಅನ್ನು ಕೇಳಿ. ಬಹಳಷ್ಟು ಕಡೆ ಅಂಗಡಿಯದ್ದು, ಲೇಬಲ್ ಇರುವುದು ಮಾತ್ರ ಒಳಗೆ ಹೋಗುತ್ತದೆ.

ನಾಲ್ಕು ವರ್ಷದೊಳಗಿನ ಮಕ್ಕಳಿದ್ದರೆ ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಇಡೀ ಬಾದಾಮಿ, ಗಟ್ಟಿ ಮಿಠಾಯಿ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಹುರಿದ ಕುಂಬಳ ಬೀಜವೂ ದೊಡ್ಡ ಮಕ್ಕಳಿಗೇ ಇರಲಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ. ಪಾನಕದ ಪಾತ್ರೆಯಿಂದ ಹೊಗೆ ಏಳಲಿ ಅಂತ ಡ್ರೈ ಐಸ್ ಹಾಕುವುದನ್ನು ನೋಡಿರಬಹುದು. ಅದು ಮೈನಸ್ 78 ಡಿಗ್ರಿ ಸೆಲ್ಸಿಯಸ್, ಮುಟ್ಟಿದರೆ ಚರ್ಮ ಸುಡುತ್ತದೆ, ನುಂಗಿದರೆ ಪ್ರಾಣಾಪಾಯ. ಮಕ್ಕಳಿರುವ ಕಡೆ ಆ ಆಸೆ ಬಿಟ್ಟುಬಿಡಿ.

ಊರಿನಿಂದ ಅಜ್ಜಿ ತಾತ ಬಂದಿದ್ದರೆ, ಹಬ್ಬದ ದಿನಗಳಲ್ಲಿ ಮನೆಯಲ್ಲಿ ದೆವ್ವ ಭೂತ ಯಾಕೆ ಅನ್ನಬಹುದು. ದೀಪಾವಳಿಯೂ ಇದರ ಆಸುಪಾಸಿನಲ್ಲೇ ಬರುತ್ತದೆ, 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಅದೇ ಇಡ್ಲಿಯಲ್ಲಿ ಬೆಕ್ಕು, ಗೂಬೆ, ಚಂದ್ರ ಮಾಡಿ. ಅಜ್ಜಿಯ ಕೈಗೆ ಚಕ್ಕುಲಿ ಒರಳು ಕೊಡಿ. ಸುತ್ತಿ ಸುತ್ತಿ ಬರುವ ಚಕ್ಕುಲಿಯನ್ನು ಮಕ್ಕಳು ಜೇಡರ ಬಲೆ ಅಂತಲೇ ಹೇಳುತ್ತಾರೆ, ಅಜ್ಜಿಗೂ ಅದರಲ್ಲಿ ತೊಂದರೆ ಕಾಣುವುದಿಲ್ಲ.

ಹೊತ್ತಿನ ಲೆಕ್ಕ ಹೀಗಿಟ್ಟುಕೊಳ್ಳಿ. ಇಡ್ಲಿ, ಚಟ್ನಿ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ, ಕತ್ತರಿಸಲು ತಣ್ಣನೆಯ ಇಡ್ಲಿಯೇ ಅನುಕೂಲ, ಆಮೇಲೆ ಹಬೆಯಲ್ಲಿ ಬಿಸಿ ಮಾಡಿ ಕಣ್ಣು ಇಡಿ. ಶಾಲೆ ಬಿಟ್ಟು ಬಂದ ತಕ್ಷಣ ಕೆಲಸ ಶುರು ಮಾಡಿ, ಐದು ಗಂಟೆಗೆ ತಿನ್ನಿಸಿ, ಆಮೇಲೆ ವೇಷ ಹಾಕಿ. ಮೊದಲೇ ವೇಷ ಹಾಕಿದರೆ ಬಟ್ಟೆಯೆಲ್ಲ ಚಟ್ನಿ. ಮನೆ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬಾಗಿಲು ತಟ್ಟುತ್ತಾರೆ, ಆರಿಸಿದ್ದರೆ ಮುಂದೆ ಹೋಗುತ್ತಾರೆ. ಪನೀರ್ ಮಮ್ಮಿ ಎರಡು ಪಾಲು ಸುತ್ತಿಡಿ. ಬೇಯಿಸದ ಅರ್ಧವನ್ನು ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಫ್ರೀಜ್ ಮಾಡಿ ಚೀಲಕ್ಕೆ ಹಾಕಿಡಿ. ಮರುದಿನವೇ ನವೆಂಬರ್ 1. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಏನು ಒಯ್ಯುವುದು ಅನ್ನುವ ಯೋಚನೆಯೂ ತಪ್ಪುತ್ತದೆ.