ಸುಣ್ಣದ ತಿಳಿನೀರಿಗೆ ಉಸಿರು ಊದಿ ನೋಡಿ

ಶ್ವಾಸಕೋಶದ ಪಾಠ ಒಂದು, ಮೂತ್ರಪಿಂಡದ ಪಾಠ ಇನ್ನೊಂದು ಎಂದು ಶಾಲೆಯಲ್ಲಿ ಬೇರೆ ಬೇರೆಯಾಗಿ ಓದಿರುತ್ತೇವೆ. ನಿಜವಾಗಿ ಎರಡೂ ಮಾಡುವುದು ಒಂದೇ ಕೆಲಸ, ರಕ್ತ ಶುದ್ಧ ಮಾಡುವುದು. ಕಸ ಅನಿಲವಾಗಿ ಹೋಗುವಂಥದ್ದಾದರೆ ಶ್ವಾಸಕೋಶ ಹೊರಹಾಕುತ್ತದೆ, ನೀರಿನಲ್ಲಿ ಕರಗಿ ಹೋಗುವಂಥದ್ದಾದರೆ ಮೂತ್ರಪಿಂಡ. ಈ ಶನಿವಾರ, ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ಇದನ್ನು ಕಣ್ಣಾರೆ ನೋಡಬಹುದು.

ಶುಕ್ರವಾರ ರಾತ್ರಿಯೇ ಸುಣ್ಣದ ನೀರು ಮಾಡಿಡಿ. ಮಂಗಳೂರಿನ ಕಾರ್‌ಸ್ಟ್ರೀಟ್ ಇರಲಿ, ಉಡುಪಿಯ ರಥಬೀದಿ ಇರಲಿ, ಎಲೆ-ಅಡಿಕೆ ಮಾರುವಲ್ಲಿ ಸುಣ್ಣ ಸಿಗುತ್ತದೆ. ಬಿಳಿಯದನ್ನೇ ತನ್ನಿ. ಒಂದು ಚಮಚ ಸುಣ್ಣವನ್ನು ಅರ್ಧ ಲೀಟರ್ ನೀರಿಗೆ ಕದಡಿ, ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ. ತೆರೆದಿಟ್ಟರೆ ಗಾಳಿಯಲ್ಲಿರುವ ಅಲ್ಪಸ್ವಲ್ಪ ಕಾರ್ಬನ್ ಡೈಆಕ್ಸೈಡ್ ತಾಗಿಯೇ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಎರಡು ಗ್ಲಾಸಿಗೆ ನಿಧಾನವಾಗಿ ಬಗ್ಗಿಸಿಕೊಳ್ಳಿ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಆದ್ದರಿಂದ ಈ ಕೆಲಸ ದೊಡ್ಡವರದ್ದು.

ಒಂದು ಗ್ಲಾಸಿಗೆ ಸ್ಟ್ರಾ ಅದ್ದಿ ಮೆಲ್ಲಗೆ ಊದಿ. ಊದಬೇಕು ಅಷ್ಟೇ, ಯಾವ ಕಾರಣಕ್ಕೂ ಎಳೆಯಬಾರದು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಸ್ವಲ್ಪ ಹೊತ್ತಿನಲ್ಲೇ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಪಕ್ಕದ ಗ್ಲಾಸು ತಿಳಿಯಾಗಿಯೇ ಉಳಿಯುತ್ತದೆ. ಬಿಡದೆ ಬಹಳ ಹೊತ್ತು ಊದಿದರೆ ಬಿಳುಪು ಮತ್ತೆ ಕರಗತೊಡಗುತ್ತದೆ. ಪಿಯುಸಿ ಮಕ್ಕಳಿದ್ದರೆ ಏಕೆಂದು ಅವರನ್ನೇ ಕೇಳಿ.

ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ 21, ಕಾರ್ಬನ್ ಡೈಆಕ್ಸೈಡ್ ಶೇ 0.04ರಷ್ಟು ಮಾತ್ರ. ಹೊರಬರುವಾಗ ಆಮ್ಲಜನಕ ಸುಮಾರು ಶೇ 16ಕ್ಕೆ ಇಳಿದು, ಕಾರ್ಬನ್ ಡೈಆಕ್ಸೈಡ್ ಶೇ 4ಕ್ಕೆ ಏರಿರುತ್ತದೆ. ಬಿಟ್ಟ ಉಸಿರಿನಲ್ಲೂ ಇಷ್ಟು ಆಮ್ಲಜನಕ ಉಳಿದಿರುವುದರಿಂದಲೇ ನೀರಿನಲ್ಲಿ ಮುಳುಗಿದವರಿಗೆ ಬಾಯಿಗೆ ಬಾಯಿಟ್ಟು ಊದಿ ಜೀವ ಉಳಿಸಲು ಸಾಧ್ಯವಾಗುತ್ತದೆ.

ಈಗ ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಉಸಿರೆಳೆದಾಗ ಪುಸ್ತಕ ಮೇಲೇಳುತ್ತದೆ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಸ್ನಾಯು ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿನ ಪರದೆ ಕೆಳಗೆ ಜಗ್ಗಿದಾಗ ಗಾಳಿ ಒಳನುಗ್ಗುತ್ತದೆ. ಸುಮ್ಮನಿರುವಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳದ ದಾರಿಯಲ್ಲೇ ಉಳಿದು ರಕ್ತವನ್ನು ಮುಟ್ಟುವುದೇ ಇಲ್ಲ. ಚಿಕ್ಕ ಚಿಕ್ಕ ಉಸಿರಿಗಿಂತ ನಿಧಾನವಾದ ಆಳದ ಉಸಿರು ಮೇಲೆನ್ನುವುದು ಇದಕ್ಕೇ. ಕೊನೆಯಲ್ಲಿ ಗಾಳಿ ಸೇರುವುದು ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿಗೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಮಂಗಳೂರಿನ ಕದ್ರಿಯ ಕಡೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿನ ನೆಲದಷ್ಟು.

ಕುಳಿತುಕೊಂಡೇ ಸ್ವಲ್ಪ ಉಸಿರು ಬಿಗಿಹಿಡಿಯಿರಿ. ತಡೆಯಲಾಗದಂತೆ ಉಸಿರು ಬೇಕೆನಿಸುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾಗಿ ಅಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದರಿಂದ. ನಮ್ಮ ಊರಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಕೆರೆಯಲ್ಲಿ, ಹೊಳೆಯಲ್ಲಿ ಮುಳುಗುವ ಪಂದ್ಯ ಕಟ್ಟುವ ಹುಡುಗರು ಮೊದಲು ಜೋರುಜೋರಾಗಿ ಹತ್ತಾರು ಸಲ ಉಸಿರಾಡಿ ಆಮೇಲೆ ಮುಳುಗುತ್ತಾರೆ. ಹಾಗೆ ಮಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಮೇಲೆ ಬಾ ಎನ್ನುವ ಸೂಚನೆ ಸಿಗುವ ಮೊದಲೇ ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಈಜು ಚೆನ್ನಾಗಿ ಬಲ್ಲವರೂ ಹೀಗೆ ಸಾಯುತ್ತಾರೆ. ದಯವಿಟ್ಟು ಮನೆಯ ಮಕ್ಕಳಿಗೆ ಹೇಳಿ.

ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ರಕ್ತದಲ್ಲಿ ಆಮ್ಲ ಏರುತ್ತದೆ. ಆಮ್ಲದ ಮಟ್ಟ ತೋರಿಸುವ ಅಳತೆಯಾದ ಪಿಎಚ್ ರಕ್ತದಲ್ಲಿ 7.35ರಿಂದ 7.45ರೊಳಗೆ ಇರಬೇಕು. ಉಸಿರಿನ ವೇಗ ಬದಲಿಸಿ ಶ್ವಾಸಕೋಶ ಇದನ್ನು ನಿಮಿಷಗಳಲ್ಲಿ ಸರಿಪಡಿಸುತ್ತದೆ. ಉಸಿರಿನಲ್ಲಿ ಹೋಗದ ಆಮ್ಲಗಳನ್ನು ಮೂತ್ರಪಿಂಡ ಗಂಟೆಗಳು, ದಿನಗಳ ಲೆಕ್ಕದಲ್ಲಿ ಹೊರಹಾಕುತ್ತದೆ. ಮೀನು, ಬೇಳೆಯ ಪ್ರೋಟೀನ್ ಕರಗಿ ಉಳಿಯುವ ಯೂರಿಯಾ ಕೂಡ ಅದರ ಪಾಲಿನದ್ದೇ. ಮುಷ್ಟಿಯಷ್ಟಿರುವ ಒಂದೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಪುಟ್ಟ ಸೋಸುಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರಲ್ಲಿ ಶೇ 99ನ್ನು ರಕ್ತಕ್ಕೇ ಹಿಂದಿರುಗಿಸುತ್ತವೆ. ಉಳಿದ ಒಂದೂವರೆ ಲೀಟರಿನಷ್ಟೇ ಮೂತ್ರ.

ಆ ಅಳತೆಯನ್ನು ಭಾನುವಾರ ನೀವೇ ತೆಗೆಯಿರಿ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದ್ದೂ ಸೇರಿ ಅಳತೆ ಗೆರೆ ಇರುವ ಹಳೇ ಮಗ್ಗಿನಲ್ಲಿ ಅಳೆದು ಬರೆದಿಡಿ. ಕುಡಿದ ನೀರು, ಮಜ್ಜಿಗೆ, ಗಂಜಿ ತಿಳಿಯನ್ನೂ ಬರೆಯಿರಿ. ಕುಡಿದದ್ದಕ್ಕಿಂತ ಮೂತ್ರ ಬಹಳ ಕಡಿಮೆ ಬಂದಿದ್ದರೆ ಉಳಿದದ್ದು ಹೆಚ್ಚಾಗಿ ಬೆವರಿಗೆ ಮತ್ತು ಉಸಿರಿನ ತೇವಕ್ಕೆ ಹೋಗಿದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿ ಮೊದಲೇ ತೇವ ತುಂಬಿಕೊಂಡಿರುವುದರಿಂದ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ, ಬೆವರು ಸುರಿಯುತ್ತಲೇ ಇರುತ್ತದೆ. ಆಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನ್ ಬಂದು, ನೀರು ಉಳಿಸು ಎಂದು ಮೂತ್ರಪಿಂಡಕ್ಕೆ ತಿಳಿಸುತ್ತದೆ. ಮೂತ್ರ ಕಡು ಹಳದಿಯಾಗುತ್ತದೆ.

ಹೀಗೆ ಗಟ್ಟಿಯಾಗಿಸುವುದಕ್ಕೂ ಮಿತಿಯಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಷ್ಟು ಉಪ್ಪಿನ ಮೂತ್ರವನ್ನು ಮನುಷ್ಯನ ಮೂತ್ರಪಿಂಡ ಮಾಡಲಾರದು. ಕುಡಿದರೆ ಆ ಉಪ್ಪು ಹೊರಹಾಕಲು ಮೈಯಲ್ಲಿದ್ದ ನೀರೂ ಖರ್ಚಾಗುತ್ತದೆ. ಮಲ್ಪೆಯಿಂದ ಹೊರಡುವ ಬೋಟಿಗೆ ಐಸ್, ಡೀಸೆಲ್ ಜೊತೆ ಕುಡಿಯುವ ನೀರನ್ನೂ ತುಂಬಿಸಲೇಬೇಕಾದದ್ದು ಇದಕ್ಕೇ.

ದಿನದ ಮೂತ್ರ 400 ಮಿಲಿಲೀಟರಿಗಿಂತ ಕಡಿಮೆ ಬಂದರೆ, ರಕ್ತ ಕಂಡರೆ, ನೊರೆ ದಿನವೂ ಬರುತ್ತಿದ್ದರೆ, ಕಾಲು ಊದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ನೀರಿನ ಪ್ರಮಾಣವನ್ನು ತಾವಾಗಿ ಹೆಚ್ಚಿಸಬಾರದು. ಪೊಟ್ಯಾಶಿಯಂ ಹೆಚ್ಚಿರುವುದರಿಂದ ಬೊಂಡವನ್ನೂ (ಎಳನೀರು) ವೈದ್ಯರನ್ನು ಕೇಳಿಯೇ ಕುಡಿಯಬೇಕು.